ಸಹಾಯ ಬೇಕು: ಡಿಫರೆನ್ಷಿಯಲ್ ರಿಲೇಯನ್ನು ಎಂಪಿಎಲ್‌ಎಸ್ ಮೇಲೆ ಓಡಿಸಿದವರು ಇದ್ದೀರಾ?

ನಮಸ್ಕಾರ. ವಿದ್ಯುತ್ ಪ್ರಸರಣ ಕಂಪನಿಯೊಂದರ ಟೆಲಿಕಾಂ ವಿಭಾಗದಲ್ಲಿದ್ದೇನೆ. ಹಳೇ ಎಸ್‌ಡಿಎಚ್ (ಡೇಟಾವನ್ನು ನಿಗದಿತ ಸಮಯದಲ್ಲಿ ಸಾಗಿಸುವ ಫೈಬರ್ ವ್ಯವಸ್ಥೆ) ಉಪಕರಣಕ್ಕೆ ಬಿಡಿಭಾಗ ಸಿಗುತ್ತಿಲ್ಲ, ಡೇಟಾವನ್ನು ಪ್ಯಾಕೆಟ್‌ಗಳಾಗಿ ಸಾಗಿಸುವ ಎಂಪಿಎಲ್‌ಎಸ್‌ಗೆ ಹೋಗಲೇಬೇಕು. ಸ್ಕಾಡಾ (ಸಬ್‌ಸ್ಟೇಷನ್‌ಗಳನ್ನು ದೂರದಿಂದ ನೋಡಿ ನಿಯಂತ್ರಿಸುವ ವ್ಯವಸ್ಥೆ) ಸ್ವಲ್ಪ ತಡವಾದರೂ ನಡೆಯುತ್ತದೆ. ತಲೆನೋವು ಲೈನ್ ಡಿಫರೆನ್ಷಿಯಲ್ ರಿಲೇಯದ್ದು, ಅಂದರೆ ಲೈನಿನ ಎರಡೂ ತುದಿಯ ಕರೆಂಟ್ ಹೋಲಿಸಿ, ತಾಳೆಯಾಗದಿದ್ದರೆ ಲೈನ್ ಕಡಿಯುವ ಸಾಧನದ್ದು. ಎರಡು ತುದಿಗಳ ನಡುವೆ ಸಂದೇಶ ಹೋಗಲು, ಬರಲು ಒಂದೇ ಸಮಯ ಹಿಡಿಯುತ್ತದೆ ಅಂತ ಅದರ ಲೆಕ್ಕ. ಎರಡರ ನಡುವೆ 4 ಮಿಲಿಸೆಕೆಂಡ್ ವ್ಯತ್ಯಾಸ ಬಂದರೆ, ರಿಲೇ ಲೆಕ್ಕ ಅದರ ಅರ್ಧದಷ್ಟು ತಪ್ಪಿ, 50 ಹರ್ಟ್ಸ್‌ನಲ್ಲಿ ಕರೆಂಟ್ ಅಲೆಯ ಕೋನ 36 ಡಿಗ್ರಿ ತಪ್ಪುತ್ತದೆ. ಲೈನ್ ಸುಮ್ನೆ ಟ್ರಿಪ್ ಆಗಬಹುದು. ಎರಡೂ ತುದಿಯ ಗಡಿಯಾರ ಹೊಂದಿಸಲು ಜಿಪಿಎಸ್ ಒಂದನ್ನೇ ನಂಬಲು ನನಗೆ ಧೈರ್ಯವಿಲ್ಲ. ನೀವು ಎರಡೂ ದಿಕ್ಕನ್ನು ಒಂದೇ ದಾರಿಗೆ ಕಟ್ಟಿಹಾಕಿದ್ದು ಹೇಗೆ?

ಜೊತೆಗೆ, ಸ್ವಂತ ಫೈಬರ್ ಯಾಕೆ, ಬಾಡಿಗೆ ಲಿಂಕ್ ಸಾಲದೇ ಅಂತ ನಿಯಂತ್ರಣ ಆಯೋಗ ಕೇಳುತ್ತಿದೆ. ಕರೆಂಟ್ ಹೋಗಿ ಮೊಬೈಲ್ ಟವರ್‌ನ ಬ್ಯಾಟರಿ ಮುಗಿಯುವ ಹೊತ್ತಿಗೇ ನಮಗೆ ಲಿಂಕ್ ಜಾಸ್ತಿ ಬೇಕು, ಅಲ್ವಾ? ಇದನ್ನು ಖರ್ಚಿನ ಲೆಕ್ಕದಲ್ಲಿ ತೋರಿಸಿ ಒಪ್ಪಿಗೆ ಪಡೆದವರು ದಯವಿಟ್ಟು ತಿಳಿಸಿ.