ಸಮಸ್ಯಾಪೂರಣ: ಬಿಚ್ಚಿದ ಹಗ್ಗವೆ ಬಿಗಿಯಿತು ಕೊರಳನು

ಸಮಸ್ಯೆ ಕೊಟ್ಟವರು, ಮಡಿಕೇರಿ:
ಈ ಸಲದ ಕೊನೆಯ ಸಾಲು ಇದು.

ಬಿಚ್ಚಿದ ಹಗ್ಗವೆ ಬಿಗಿಯಿತು ಕೊರಳನು

ಬಿಚ್ಚಿದ ಮೇಲೆ ಬಿಗಿಯುವುದು ಹೇಗೆ? ಮೇಲಿನ ಮೂರು ಸಾಲು ನಿಮ್ಮದು. ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ಚ್ಚ’. ಪದ್ಯದಲ್ಲಿ ಒಂದು ಪ್ರಾಣಿ ಇರಬೇಕು, ನಿಮ್ಮ ಮನೆಯಲ್ಲಿ ಇನ್ನೂ ಮಾತಾಡಿಕೊಳ್ಳುವ ಪ್ರಾಣಿಯಾದರೆ ಒಳ್ಳೆಯದು. ನೋವನ್ನು ತಪ್ಪಿಸಿಕೊಂಡು ಹೋಗಬೇಡಿ.

ಮಕ್ಕಂದೂರು ಕಡೆಯಿಂದ:
2018ರ ಆಗಸ್ಟ್‌ನಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದಾಗ ನಮ್ಮ ಅಜ್ಜಿ ಮಾಡಿದ್ದು. ಹಟ್ಟಿ ಮಾತ್ರ ಹಾಗೇ ನಿಂತಿತ್ತು. ಕಟ್ಟಿಯೇ ಬಿಟ್ಟಿದ್ದರೆ ಹಸು ಉಳಿಯುತ್ತಿತ್ತು ಅಂತ ಅಜ್ಜಿ ಇವತ್ತಿಗೂ ಹೇಳುತ್ತಾರೆ.

ಎಚ್ಚರವಾಗಲು ಬೆಟ್ಟವೆ ಕುಸಿದಿರೆ
ಬೆಚ್ಚದೆ ಹಟ್ಟಿಗೆ ಓಡಿದಳಜ್ಜಿಯು,
ಕೊಚ್ಚಿತು ಹೊಳೆ ಹಸುವನು, ಆ ಅಜ್ಜಿಯ
ಬಿಚ್ಚಿದ ಹಗ್ಗವೆ ಬಿಗಿಯಿತು ಕೊರಳನು.

ನಾಪೋಕ್ಲು:
ಅಕ್ಕ, ಓದಿ ಸುಮ್ನೆ ಕೂತುಬಿಟ್ಟೆ. ನನ್ನದು ನಾಯಿಯ ಪದ್ಯ. ಐನ್‌ಮನೆಯಲ್ಲಿ, ಅಂದರೆ ನಮ್ಮ ಕುಟುಂಬದ ಮೂಲಮನೆಯಲ್ಲಿ, ಈಗ ಯಾರೂ ಇಲ್ಲ. ಹಬ್ಬಕ್ಕೆ ಹೋದಾಗ ಮಾತ್ರ ನೆಲ್ಲಕ್ಕಿಯಲ್ಲಿ (ನಡುಮನೆಯಲ್ಲಿ) ದೀಪ.

ನೆಚ್ಚಿನ ನಾಯಿಯ ಬಿಟ್ಟೇ ಹೋದರು,
ಹಚ್ಚದ ದೀಪದ ಮನೆಯನು ಕಾಯುತ
ಮುಚ್ಚಿದ ಬಾಗಿಲ ಬಳಿಯೇ ಉಳಿಯಿತು;
ಬಿಚ್ಚಿದ ಹಗ್ಗವೆ ಬಿಗಿಯಿತು ಕೊರಳನು.

ಕುಶಾಲನಗರ:
ನಾನು ಆನೆ ತಂದಿದ್ದೇನೆ. ದುಬಾರೆ ಶಿಬಿರದ ಕುಶ ನೆನಪಿದೆಯಲ್ವಾ? ಶಿಬಿರ ಬಿಟ್ಟು ಹೋಗಿ ಕಾಡಾನೆಗಳ ಜೊತೆ ಸೇರಿದ್ದ. ಮತ್ತೆ ಹಿಡಿದು ತಂದರು. ಕೊನೆಗೆ 2021ರಲ್ಲಿ ಬಂಡೀಪುರದ ಕಾಡಿಗೆ ಬಿಟ್ಟರು, ಕೊರಳಿಗೆ ರೇಡಿಯೋ ಕಾಲರ್ ಹಾಕಿ.

ಚುಚ್ಚುವ ಅಂಕುಶ ದೂರಕೆ ಸರಿಯಿತು,
ಪಚ್ಚೆಯ ಕಾಡಿಗೆ ಬಿಟ್ಟರು ಕುಶನನು,
ಹಚ್ಚಿದ ಪಟ್ಟಿಯು ಜೊತೆಯಲೆ ನಡೆಯಿತು;
ಬಿಚ್ಚಿದ ಹಗ್ಗವೆ ಬಿಗಿಯಿತು ಕೊರಳನು.

ಪೊನ್ನಂಪೇಟೆ:
ನನಗೆ ಛಂದಸ್ಸು ಬರುವುದಿಲ್ಲ ಸರ್. ಆದರೂ ಹಾಕುತ್ತೇನೆ.

ಗದ್ದೆಗೆ ಟಿಲ್ಲರ್ ಬಂತು.
ಎತ್ತು ಮಾರಿದ ದಿನ ಅಪ್ಪ ಹಗ್ಗ ಕೊಡಲಿಲ್ಲ,
ತಂದು ಮೊಳೆಗೆ ನೇತುಹಾಕಿದ.
ಉಣ್ಣಲು ಕೂತರೆ ತುತ್ತು ಇಳಿಯದು.
ಬಿಚ್ಚಿದ ಹಗ್ಗವೆ ಬಿಗಿಯಿತು ಕೊರಳನು.

ಸಮಸ್ಯೆ ಕೊಟ್ಟವರು:
ಪೊನ್ನಂಪೇಟೆಯ ತಮ್ಮ, ಗಣ ಇಲ್ಲದಿದ್ದರೂ ಇದು ಪೂರಣವೇ. ಹಗ್ಗ ಕೊಡದೆ ಇಟ್ಟುಕೊಂಡ ಅಪ್ಪನನ್ನು ನಾನು ಮರೆಯುವುದಿಲ್ಲ. ‘ತುತ್ತು ಇಳಿಯದು’ ಎಂಬಲ್ಲಿ ಕೊನೆಯ ಸಾಲಿಗೆ ಹೊಸ ಅರ್ಥ ಬಂತು.

ಕುಶನ ಪದ್ಯದಲ್ಲಿ ಸಮಸ್ಯೆ ಚೆನ್ನಾಗಿ ಬಿಡಿಸಿದೆ. ಆದರೆ ಒಂದು ತಕರಾರು. ಕಾಲರ್ ಹಾಕಿದ್ದು ಅವನು ಎಲ್ಲಿದ್ದಾನೆ ಅಂತ ತಿಳಿಯಲು, ಅವನ ಒಳ್ಳೆಯದಕ್ಕೆ. ಅದನ್ನು ಕುಣಿಕೆಯ ಹಾಗೆ ತೋರಿಸಿದರೆ ಇಲ್ಲದ ನೋವನ್ನು ಆನೆಯ ಮೇಲೆ ಹೇರಿದಂತೆ. ಮತ್ತೆ ಹಿಡಿದು ತಂದ ಮೇಲೆ ಕ್ರಾಲ್‌ನಲ್ಲಿ, ಅಂದರೆ ಆನೆ ಪಳಗಿಸುವ ಮರದ ದಿಮ್ಮಿಗಳ ದೊಡ್ಡಿಯಲ್ಲಿ, ಅವನು ಪಟ್ಟ ಪಾಡು ನಿಜವಾದದ್ದು, ಅದು ಪದ್ಯದಲ್ಲಿ ಬಂದಿಲ್ಲ.

ಇನ್ನೊಂದು ಮಾತು. ಹಸು, ನಾಯಿ, ಎತ್ತು ಅಂತ ಬರೆಯುತ್ತೇವೆ. ಸ್ವಲ್ಪ ಹೊತ್ತಿಗೆ ಪದ್ಯ ನಮ್ಮ ದುಃಖದ ಕಡೆ ತಿರುಗುತ್ತದೆ, ಪ್ರಾಣಿ ಹಿಂದೆ ಉಳಿಯುತ್ತದೆ. ಅಜ್ಜಿಯ ಪದ್ಯ ಕಣ್ಣು ತೇವ ಮಾಡಿತು. ಆದರೆ ಹಸುವಿಗೆ ಏನಾಯಿತು? ಅದಕ್ಕೆ ಸಿಕ್ಕಿದ್ದು ಅರ್ಧ ಸಾಲು. ಈ ವಿಷಯದಲ್ಲಿ ನಾಯಿಯ ಪದ್ಯ ಮೇಲು. ಅಲ್ಲಿ ಕಾಯುತ್ತಿರುವುದು ನಾಯಿಯೇ.

ಕುಶಾಲನಗರ:
ಕಾಲರ್ ವಿಷಯ ಒಪ್ಪಿದೆ ಸರ್. ‘ಬಿಗಿಯಿತು’ ಅನ್ನುವುದು ನೀವು ಕೊಟ್ಟ ಸಾಲಲ್ಲೇ ಇತ್ತು, ಅದಕ್ಕೆ ಹೊಂದಿಸಲು ಹೋದೆ. ಕ್ರಾಲ್ ಬಗ್ಗೆ ಬೇರೆ ಬರೆಯುತ್ತೇನೆ.

ಮಕ್ಕಂದೂರು ಕಡೆಯಿಂದ:
ಹಸುವಿಗೆ ಏನಾಯಿತು ಅಂತ ಕೇಳಿದಿರಿ. ಹೇಳುತ್ತೇನೆ. ಅಜ್ಜಿ ಹಗ್ಗ ಬಿಚ್ಚಿದ್ದು ಗೂಟದಿಂದ. ಕೊರಳಿಂದ ಬಿಚ್ಚಲು ಹೊತ್ತಿರಲಿಲ್ಲ. ನೀರು ಇಳಿದ ಮೇಲೆ ಹಸು ಸಿಕ್ಕಿದ್ದು ಕಾಫಿ ತೋಟದ ಬೇಲಿಯಲ್ಲಿ. ಮನೆಯಲ್ಲಿ ಅಜ್ಜಿಯ ಮುಂದೆ ಇದನ್ನು ಯಾರೂ ಎತ್ತುವುದಿಲ್ಲ. ಹೊಳೆ ಕೊಂಡೊಯ್ದಿತು ಅಂತಲೇ ಹೇಳುತ್ತೇವೆ.

ಎಚ್ಚರವಾಗಲು ಬೆಟ್ಟವೆ ಕುಸಿದಿರೆ
ಬೆಚ್ಚಿದ ಹಸುವನು ಬಿಟ್ಟಳು ಅಜ್ಜಿಯು,
ಕೊಚ್ಚುವ ನೀರಲಿ ಬೇಲಿಗೆ ಸಿಕ್ಕಿತು;
ಬಿಚ್ಚಿದ ಹಗ್ಗವೆ ಬಿಗಿಯಿತು ಕೊರಳನು.

ನಾಪೋಕ್ಲು:
ಅಯ್ಯೋ ಅಕ್ಕ.

ಸಮಸ್ಯೆ ಕೊಟ್ಟವರು:
ಸಾಲು ಕೊಡುವಾಗ ಇಂಥ ಪೂರಣ ಬರುತ್ತದೆ ಅಂದುಕೊಂಡಿರಲಿಲ್ಲ. ಇಲ್ಲಿ ಒಗಟೂ ಇಲ್ಲ, ಉಪಮೆಯೂ ಇಲ್ಲ. ನಡೆದದ್ದು ಹಾಗೇ ಇದೆ. ‘ಬೆಚ್ಚದೆ’ ಇದ್ದದ್ದು ‘ಬೆಚ್ಚಿದ’ ಆಗಿ, ಅಜ್ಜಿಯಿಂದ ಹಸುವಿಗೆ ಹೋಯಿತು ನೋಡಿ. ತಂಗಿ, ಮೊದಲನೆಯ ಪದ್ಯವನ್ನು ಅಳಿಸಬೇಡಿ. ಅಜ್ಜಿಗೆ ಓದಿ ಹೇಳುವುದಾದರೆ ಅದನ್ನೇ ಓದಿ.