ಗಣಿಯೊಳಗಿನ ಕಡತವೂ ಸೀನನ ಎರಡು ಸೆಂಟೂ

ಪಿಟ್ಸ್‌ಬರ್ಗಿನ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನದಲ್ಲಿ ಪುಳಿಯೋಗರೆ ತಿಂದವರಿಗೆ ಎರಡೇ ದಾರಿ. ಮನೆಗೆ ಹೋಗಿ ಮಲಗೋದು, ಇಲ್ಲಾ ಮನ್ರೋವಿಲ್‌ನ ಕಾಫಿ ಅಂಗಡೀಲಿ ಕೂತು ಅಮೆರಿಕ ಸರ್ಕಾರಾನ ರಿಪೇರಿ ಮಾಡೋದು. 2025ರ ಡಿಸೆಂಬರಿನ ಆ ಶನಿವಾರ ನಾವು ರಿಪೇರಿಗೆ ಕೂತೆವು. ನಾವು ಅಂದರೆ ನಾನು, ಊರಿಂದ ಬಂದಿದ್ದ ನಮ್ಮ ಮಾವನವರು (ಮಂಡ್ಯದ ಖಜಾನೆಯಲ್ಲಿ ಮೂವತ್ತು ವರ್ಷ ಬಿಲ್ಲು ಪಾಸು ಮಾಡಿದವರು, ಪಾಸು ಮಾಡಿದ್ದಕ್ಕಿಂತ ವಾಪಸು ಕಳಿಸಿದ್ದೇ ಹೆಚ್ಚು), ಎಚ್-1ಬಿ ಕೆಲಸದ ವೀಸಾದ ಮೇಲೆ ಬಂದ ಹುಡುಗ ಚೇತು, ಮತ್ತೆ ಸೀನ.

ಸೀನ ಸಿಟಿಜನ್ ಆದ ದಿನವೇ ರಿಪಬ್ಲಿಕನ್ನೂ ಆದವನು. ಅವನ ಮನೆದೇವರು ತಿರುಪತಿ, ಇಷ್ಟದೇವರು ಹಿಂದಿನ ಅಧ್ಯಕ್ಷ ರೇಗನ್. ‘ನಾನು ಸರ್ಕಾರದವನು, ಸಹಾಯ ಮಾಡೋಕೆ ಬಂದಿದ್ದೀನಿ’ ಅನ್ನೋದಕ್ಕಿಂತ ಭಯಂಕರವಾದ ಮಾತು ಇಂಗ್ಲಿಷಿನಲ್ಲೇ ಇಲ್ಲ ಅಂತ ರೇಗನ್ 1986ರಲ್ಲಿ ಹೇಳಿದ್ದನ್ನು ಇವನು ನಮ್ಮನೆ ಸತ್ಯನಾರಾಯಣ ಪೂಜೆಯ ಪಂಕ್ತಿಯಲ್ಲೂ ಹೇಳಿದ್ದಾನೆ, ಪಾಯಸ ಬರೋಕೆ ಮುಂಚೆ.

“ಸಾರ್, ಇಲ್ಲಿಂದ ಒಂದು ಗಂಟೆ ದಾರಿ, ಬಾಯರ್ಸ್ ಅಂತ ಒಂದು ಊರಿದೆ,” ಅಂತ ಶುರು ಮಾಡಿದ. “ಅಲ್ಲೊಂದು ಹಳೇ ಸುಣ್ಣಕಲ್ಲಿನ ಗಣಿ. ಭೂಮಿಯಿಂದ ಇನ್ನೂರು ಅಡಿ ಕೆಳಗೆ. ಕೇಂದ್ರ ಸರ್ಕಾರದ ನೌಕರ ದೇಶದ ಯಾವ ಮೂಲೇಲಿ ರಿಟೈರ್ ಆಗಲಿ, ಅವನ ಕಾಗದ ಆ ಗಣಿಗೆ ಇಳೀಬೇಕು.”

ಮಾವನವರು ಕಾಫಿ ಲೋಟ ಕೆಳಗಿಟ್ಟರು. ವಿಷಯ ಪಿಂಚಣಿಗೆ ಬಂದಿತ್ತು.

“1960ರಿಂದ ಅದೇ ಕಥೆ ಸಾರ್. ಒಂದು ಗುಹೆಯಿಂದ ಇನ್ನೊಂದು ಗುಹೆಗೆ ಕೈಯಲ್ಲೇ ಫೈಲ್ ಹೊತ್ತು ಓಡಾಡ್ತಾರೆ. ಕಂಪ್ಯೂಟರ್ ಮಾಡ್ತೀವಿ ಅಂತ 1987ರಿಂದ ಹತ್ತು ಕೋಟಿ ಡಾಲರಿಗೂ ಹೆಚ್ಚು ಸುರಿದರು. 1977ರಲ್ಲಿ ಒಂದು ಅರ್ಜಿಗೆ ಎಷ್ಟು ದಿನ ಹಿಡೀತಿತ್ತೋ 2014ರಲ್ಲೂ ಅಷ್ಟೇ ಹಿಡೀತು. ಸರ್ಕಾರದ ಖರ್ಚು ಕತ್ತರಿಸೋಕೆ ಬಂದ ಎಲಾನ್ ಮಸ್ಕ್ ಅಧ್ಯಕ್ಷ ಟ್ರಂಪ್ ಪಕ್ಕದಲ್ಲೇ ನಿಂತು ಹೇಳಿದ, ಗಣಿಯ ಲಿಫ್ಟು ಕೆಟ್ಟರೆ ಅವತ್ತು ಯಾರೂ ರಿಟೈರ್ ಆಗೋ ಹಾಗಿಲ್ಲ ಅಂತ!”

ಸೀನ ನಗುವಿಗೆ ಜಾಗ ಬಿಟ್ಟ. ಮಾವನವರು ನಗಲಿಲ್ಲ.

“ಗೆದ್ದಲು ಹಿಡಿಯಲ್ವಾ?”

“ಇಲ್ಲ ಸಾರ್, ಒಳಗೆ ತಂಪು…”

“ಮಳೆ ನೀರು ಸೋರಲ್ಲ, ಇಲಿ ಹೆಗ್ಗಣ ಇಲ್ಲ. ಕಳ್ಳ ಬಂದರೂ ದಾರಿ ತಪ್ಪಿಸ್ಕೋತಾನೆ,” ಅಂತ ಮಾವನವರು ಕಣ್ಣು ಅರೆಮುಚ್ಚಿದರು. “ನನ್ನ ಸರ್ವಿಸ್ ರಿಜಿಸ್ಟರಿನ ಹನ್ನೆರಡು ಪುಟ ಗೆದ್ದಲು ತಿಂದು, ನಾನು ಹನ್ನೊಂದು ತಿಂಗಳು ಅಲೆದೆ. ಇವರಿಗೆ ಎಷ್ಟು ದಿನ ಅಂದ್ರಿ?”

“ಎರಡು ತಿಂಗಳು.”

“ಎರಡೇ ತಿಂಗಳಾ! ಆ ಗಣಿ ನೋಡಬೇಕಲ್ಲಪ್ಪಾ,” ಅಂತ ನನ್ನ ಕಡೆ ತಿರುಗಿದರು.

ಸೀನ ಪೆಚ್ಚಾದ. ಚೇತು ಬಿಡಲಿಲ್ಲ. “ಸೀನಣ್ಣ, ನಿಮ್ಮ ಮಸ್ಕ್ ಎರಡು ಟ್ರಿಲಿಯನ್ ಉಳಿಸ್ತೀನಿ ಅಂದಿದ್ರು. ಮೇ ತಿಂಗಳ ಕೊನೆಗೆ ಅವರೇ ಹೊರಟರು. ಒಂದೂವರೆ ಲಕ್ಷ ಸರ್ಕಾರಿ ನೌಕರರು ರಾಜೀನಾಮೆ ಕೊಟ್ಟು ಹೋದರಲ್ಲ, ಅವರಲ್ಲಿ ಪಿಂಚಣಿಗೆ ಅರ್ಜಿ ಹಾಕಿದವರ ಕಾಗದ ಎಲ್ಲಿಗೆ ಹೋಯ್ತು?”

“ಈಗ ಆನ್‌ಲೈನ್ ಮಾಡ್ತಿದ್ದಾರೆ ಕಣೋ,” ಅಂದ ಸೀನ, ದನಿ ತಗ್ಗಿಸಿ.

ಅಮೆರಿಕ ಸರ್ಕಾರದ ಸಾಲದ ವಿಷಯದಲ್ಲಿ ಮಾತ್ರ ನಾನು ಸೀನನ ಕಡೆ. ಆಗ ಅದು 38 ಟ್ರಿಲಿಯನ್, ನಮ್ಮ ಲೆಕ್ಕದಲ್ಲಿ 38 ಲಕ್ಷ ಕೋಟಿ ಡಾಲರು. ಬಡ್ಡಿಯೇ ವರ್ಷಕ್ಕೆ ಒಂದು ಟ್ರಿಲಿಯನ್ ಹತ್ತಿರ. ಬಜೆಟ್ಟಿನಲ್ಲಿ ಕೈಯಲ್ಲಿ ಕಾಸು ಮಿಕ್ಕಿದ್ದು 2001ರಲ್ಲೇ ಕೊನೆ. ಆಮೇಲೆ ಎರಡು ಪಕ್ಷದವರೂ ಸರದಿ ಮೇಲೆ ಸಾಲ ಮಾಡಿದರು. 2025ರ ಜುಲೈ 4ರಂದು ಸಾಲದ ಮಿತಿಯನ್ನ ಇನ್ನೂ ಐದು ಟ್ರಿಲಿಯನ್ ಏರಿಸಿದ್ದು ಸೀನನ ಪಕ್ಷವೇ. ಅದನ್ನು ನೆನೆದರೆ ಸೀನನಿಗೆ ಸ್ವಂತ ತಮ್ಮ ಕುಡಿದು ಬಂದಷ್ಟು ಸಂಕಟ.

“ಆದರೂ ಏನಾದರೂ ಮಾಡಿದ್ದಾರೆ,” ಅಂದ. “ಪೆನ್ನಿ ಟಂಕಿಸೋದು ನಿಲ್ಲಿಸಿದರು. ಒಂದು ಸೆಂಟಿನ ನಾಣ್ಯಕ್ಕೆ 3.69 ಸೆಂಟು ಖರ್ಚು! ನವೆಂಬರ್ 12ಕ್ಕೆ ಫಿಲಡೆಲ್ಫಿಯಾದಲ್ಲಿ ಕೊನೇ ಪೆನ್ನಿ ಒತ್ತಿದರು. ವರ್ಷಕ್ಕೆ ಐದು ಕೋಟಿ ಅರವತ್ತು ಲಕ್ಷ ಡಾಲರ್ ಉಳಿತಾಯ.”

ಮಾವನವರು ಪೇಪರ್ ನ್ಯಾಪ್‌ಕಿನ್ ಮೇಲೆ ಲೆಕ್ಕ ಹಾಕಿದರು. ಖಜಾನೆಯವರ ಕೈಗೆ ಸೊನ್ನೆಗಳ ಭಯ ಇರೋದಿಲ್ಲ. “ಆ ಬಡ್ಡೀಲಿ ಇದು ಅರ್ಧ ಗಂಟೆಯ ಬಾಬ್ತು,” ಅಂದರು. “ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಾವು ಕಾಫಿಗೆ ಕೂತಾಗಲಿಂದ ಅದು ಖರ್ಚಾಗಿ ಹೋಯ್ತು.”

“ಅದೇ ದಿನ ತಾನೇ ಸರ್ಕಾರದ ಬಾಗಿಲು ತೆಗೆದಿದ್ದು? ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ ನಲವತ್ತಮೂರು ದಿನ ಹಾಕಿದ್ರು,” ಅಂದೆ ನಾನು.

“ಆ ದಿನಗಳ ಸಂಬಳ?” ಮಾವನವರ ಪ್ರಶ್ನೆ.

“ಆಮೇಲೆ ಕೊಟ್ಟರು.”

“ನಮ್ಮಲ್ಲಿ ನೌಕರ ಮುಷ್ಕರ ಮಾಡಿದರೆ ಸಂಬಳ ಕಟ್. ಇಲ್ಲಿ ಸರ್ಕಾರವೇ ಮುಷ್ಕರ ಹೂಡಿ ಸಂಬಳಾನೂ ಕೊಡುತ್ತೆ. ದೊಡ್ಡ ದೇಶ.”

ಸೀನ ಮೇಜು ಕುಟ್ಟಿದ. “ಅದಕ್ಕೇ ಹೇಳೋದು, ಕತ್ತರಿಸಬೇಕು! ಶಿಕ್ಷಣ ಇಲಾಖೆ ಹುಟ್ಟಿದ್ದು 1979ರಲ್ಲಿ, ರೇಗನ್ ಅದನ್ನ ಮುಚ್ತೀನಿ ಅಂದಿದ್ದು 1980ರಲ್ಲಿ. ಇನ್ನೂ ಉಸಿರಾಡ್ತಿದೆ.”

“ಸೀನಣ್ಣ, ಅದರಲ್ಲೆಷ್ಟು ಮಹಾ ದುಡ್ಡಿದೆ? ಹೆಚ್ಚಿನದೆಲ್ಲ ಸೋಷಿಯಲ್ ಸೆಕ್ಯುರಿಟಿ ಅನ್ನೋ ಮುದುಕರ ಪಿಂಚಣಿ, ಮೆಡಿಕೇರ್ ಅನ್ನೋ ಅವರ ಆರೋಗ್ಯ ವಿಮೆ, ಸೈನ್ಯ, ಬಡ್ಡಿ. ಸೋಷಿಯಲ್ ಸೆಕ್ಯುರಿಟೀಲಿ ಕತ್ತರಿಸೋಣವಾ?”

ಸೀನನಿಗೆ ಅರವತ್ತೊಂದೂವರೆ. ಅರವತ್ತೆರಡಕ್ಕೇ ತಗೊಂಡರೆ ಶೇಕಡಾ 30 ಕಡಿಮೆ ಸಿಗುತ್ತೆ, ಅರವತ್ತೇಳರ ತನಕ ಕಾದರೆ ಪೂರ್ತಿ. ಕಾಯಬೇಕೋ ಬೇಡವೋ ಅಂತ ಅವನು ಎಕ್ಸೆಲ್‌ನಲ್ಲಿ ಹದಿನಾಲ್ಕು ಶೀಟು ಮಾಡಿರೋದು ನಮಗೆಲ್ಲ ಗೊತ್ತು.

“ಅದು ಸರ್ಕಾರದ ದುಡ್ಡಲ್ಲ ಕಣೋ! ನಾನು ಕಟ್ಟಿದ್ದು!”

“ನೀವು ಕಟ್ಟಿದ್ದು ಅವತ್ತಿನ ಮುದುಕರಿಗೆ ಆಗಲೇ ಹೋಯ್ತು. ನಿಮಗೆ ಬರೋದು ಈಗ ನಾನು ನನ್ನ ಸಂಬಳದಲ್ಲಿ ಕಟ್ಟುತ್ತಿರೋ ಶೇಕಡಾ 6.2. ನಾನು ಹತ್ತು ವರ್ಷ ತುಂಬೋಕೆ ಮುಂಚೆ ಊರಿಗೆ ಹೊರಟರೆ ನನಗೆ ಬಿಡಿಗಾಸೂ ಇಲ್ಲ. ಜರ್ಮನಿಯವರಿಗೆ, ಜಪಾನಿನವರಿಗೆ ಎರಡೂ ದೇಶದಲ್ಲಿ ದುಡಿದ ವರ್ಷ ಕೂಡಿಸೋ ಒಪ್ಪಂದ ಇದೆ, ಇಂಡಿಯಾಗಿಲ್ಲ.”

ಮಾವನವರು ಕನ್ನಡಕ ಸರಿಮಾಡಿಕೊಂಡರು. “ಇಂಥ ಹುಡುಗರನ್ನ ಹೊಸದಾಗಿ ಕರೆಸೋಕೆ ತಾನೇ ಸೆಪ್ಟೆಂಬರಿನಲ್ಲಿ ಒಂದು ಲಕ್ಷ ಡಾಲರ್ ಫೀಸು ಹಾಕಿದ್ದು? ಕರೆಯೋ ಹಸು ಕೊಟ್ಟಿಗೆಗೆ ಬರೋದಕ್ಕೆ ಸುಂಕ!”

ಸೀನನಿಗೆ ಒಂದು ಕ್ಷಣ ರೇಗನ್ ಕೂಡ ನೆನಪಾಗಲಿಲ್ಲ. “ಇವತ್ತಿನ ಕಾಫಿ ನಂದು,” ಅಂತ ಎದ್ದ.

ಬಿಲ್ಲು 18 ಡಾಲರ್ 43 ಸೆಂಟು. ಇಪ್ಪತ್ತರ ನೋಟು ಕೊಟ್ಟ. ಹುಡುಗಿ 1 ಡಾಲರ್ 55 ಸೆಂಟು ವಾಪಸು ಕೊಟ್ಟು, ಕೌಂಟರಿನ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದಳು: ಪೆನ್ನಿ ಸಿಗುತ್ತಿಲ್ಲ, ದಯವಿಟ್ಟು ಸಹಕರಿಸಿ.

“ಇನ್ನೂ ಎರಡು ಸೆಂಟು ಬರಬೇಕು,” ಅಂದ ಸೀನ. ಹಿಂದೆ ಆರು ಜನ ಸಾಲು ನಿಂತಿದ್ದರು. ಅವನು ಕದಲಲಿಲ್ಲ.

“ಶ್ರೀನಿವಾಸ್,” ಮಾವನವರು ಕೂತಲ್ಲಿಂದಲೇ ಕೂಗಿದರು, “ಒಂದು ಅರ್ಜಿ ಬರೆದು ಗಣಿಗೆ ಕಳಿಸಿ. ಎರಡು ತಿಂಗಳಲ್ಲಿ ಬರುತ್ತೆ.”