ನಾನು ತಗೊಳ್ಳದ ಸಾಲ ನನ್ನ ಸಿಬಿಲ್‌ನಲ್ಲಿ ಕೂತಿದೆ, ಏನು ಮಾಡಲಿ?

ಕೇಳಿದವರು, ಹುಬ್ಬಳ್ಳಿ

ಬೈಕ್ ಲೋನ್‌ಗೆ ಅರ್ಜಿ ಹಾಕಿದ್ದೆ. ಸಾಲದ ದಾಖಲೆ ಇಡುವ ಸಂಸ್ಥೆ ಸಿಬಿಲ್‌ನಲ್ಲಿ ನಿಮ್ಮ ಸ್ಕೋರ್ 561 ಇದೆ, ಆಗಲ್ಲ ಅಂದರು. ರಿಪೋರ್ಟ್ ತೆಗೆದು ನೋಡಿದರೆ ನನ್ನ ಪ್ಯಾನ್ ಮೇಲೆ ಎರಡು ಆ್ಯಪ್ ಸಾಲ. ಒಂದು 18,000, ಇನ್ನೊಂದು 45,000. ನಾನು ತಗೊಂಡೇ ಇಲ್ಲ, ಆ ಕಂಪನಿಗಳ ಹೆಸರೂ ಕೇಳಿಲ್ಲ. ಚಿಕ್ಕದನ್ನಾದರೂ ಕಟ್ಟಿ ಮುಗಿಸು, ತಲೆನೋವು ಕಳೆಯುತ್ತೆ ಅಂತಾರೆ ಮನೆಯಲ್ಲಿ. ಇಂಥದ್ದನ್ನು ಅನುಭವಿಸಿದವರು ಯಾರಾದರೂ ಇದ್ದರೆ ದಾರಿ ಹೇಳಿ.

ತುಮಕೂರಿನಿಂದ

ಒಂದು ರೂಪಾಯಿನೂ ಕಟ್ಟಬೇಡಿ. ನಾನು ಕಟ್ಟಿ ಕೆಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

2023ರ ಕೊನೆಯಲ್ಲಿ ನನ್ನ ಹೆಸರಿನಲ್ಲಿ ಯಾರೋ 9,500 ಎತ್ತಿದ್ದರು. ರಿಕವರಿಯವನು ದಿನಕ್ಕೆ ಏಳೆಂಟು ಸಲ ಫೋನ್ ಮಾಡುತ್ತಿದ್ದ. ಮನೆಯಲ್ಲಿ ತಂಗಿ ಮದುವೆ. ನೆಂಟರ ಮುಂದೆ ಫೋನ್ ಎತ್ತೋಕೂ ಭಯ. "4,000 ಹಾಕಿ ಸರ್, ಫೈಲ್ ಕ್ಲೋಸ್ ಮಾಡಿಸ್ತೀನಿ" ಅಂದ. ಹಾಕಿದೆ. ಮುಂದಿನ ರಿಪೋರ್ಟ್‌ನಲ್ಲಿ ಆ ಸಾಲದ ಮುಂದೆ 'ಸೆಟಲ್ಡ್' ಅಂತ ಬಂತು. ಅಂದರೆ ಈ ಆಸಾಮಿ ಸಾಲ ತಗೊಂಡಿದ್ದ, ಪೂರ್ತಿ ತೀರಿಸಲಿಲ್ಲ, ರಾಜಿ ಮಾಡಿಕೊಂಡ ಅಂತ ಅರ್ಥ. ಕಳ್ಳ ಮಾಡಿದ ಸಾಲಕ್ಕೆ ನಾನೇ ರುಜು ಹಾಕಿಕೊಟ್ಟಂತಾಯಿತು. ಆಮೇಲೆ ದೂರು ಬರೆದಾಗ ಕಂಪನಿಯವರು ಮೊದಲು ಕೇಳಿದ್ದೇ ಇದು: "ನಿಮ್ಮದಲ್ಲ ಅಂದ್ಮೇಲೆ ಕಟ್ಟಿದ್ದು ಯಾಕೆ?"

ಹಾಗಾಗಿ ಕಾಗದದಲ್ಲಿ 'ಕ್ಲೋಸ್ ಮಾಡಿ' ಅಂತ ಬರೆಯಲೇಬೇಡಿ. 'ಈ ಅಕೌಂಟ್ ನನ್ನದಲ್ಲ, ನನ್ನ ರಿಪೋರ್ಟ್‌ನಿಂದ ಡಿಲೀಟ್ ಮಾಡಿಸಿ' ಅಂತಲೇ ಬರೆಯಿರಿ.

ಅದಕ್ಕಿಂತ ಮೊದಲು ಪೊಲೀಸ್ ದೂರು. 1930ಕ್ಕೆ ಫೋನ್ ಮಾಡಿ, ಇಲ್ಲವೇ ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹಾಕಿ. ಆ ನಂಬರ್ ಹಿಡಿದುಕೊಂಡು ನಿಮ್ಮ ಸಿಇಎನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಪೊಲೀಸ್ ಠಾಣೆ) ಹೋಗಿ. ನನಗೆ ಠಾಣೆಯಲ್ಲಿ "ನಿಮ್ಮ ದುಡ್ಡೇನೂ ಹೋಗಿಲ್ವಲ್ಲ" ಅಂದರು. ಐಟಿ ಕಾಯ್ದೆಯ 66ಸಿ ಇರೋದೇ ಗುರುತಿನ ಕಳವಿಗೆ, ದುಡ್ಡು ಹೋಗಲೇಬೇಕು ಅಂತಿಲ್ಲ ಅಂತ ಮೆತ್ತಗೆ ಹೇಳಿದೆ. ಎರಡನೇ ದಿನ ದೂರು ತಗೊಂಡರು.

ಆಮೇಲೆ ಸಾಲ ಕೊಟ್ಟ ಕಂಪನಿಯ ದೂರು ಅಧಿಕಾರಿಗೆ ಈಮೇಲ್. ಫೋನಿನಲ್ಲಿ ಎಷ್ಟು ಕೂಗಾಡಿದರೂ ಲೆಕ್ಕಕ್ಕೆ ಬರಲ್ಲ. ಮೂರು ವಿಷಯ ಕೇಳಿದೆ. ದುಡ್ಡು ಯಾವ ಬ್ಯಾಂಕ್ ಖಾತೆಗೆ ಹೋಯಿತು? ಓಟಿಪಿ ಯಾವ ಮೊಬೈಲ್‌ಗೆ ಹೋಯಿತು? ಕೆವೈಸಿಗೆ, ಅಂದರೆ ಗುರುತಿನ ದಾಖಲೆ ಅಂತ, ಏನೇನು ತಗೊಂಡಿದ್ದೀರಿ? ಆ್ಯಪ್ ಸಾಲದ ದುಡ್ಡು ಸಾಲಗಾರನ ಸ್ವಂತ ಖಾತೆಗೇ ಹೋಗಬೇಕು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ನನ್ನ ಖಾತೆಗೆ ಬಂದಿಲ್ಲ ಅಂತ ತೋರಿಸಲು ಆ ತಿಂಗಳ ಸ್ಟೇಟ್‌ಮೆಂಟ್ ಜೊತೆಗಿಟ್ಟೆ.

ಕೊನೆಗೆ ಕೆವೈಸಿ ಫೈಲ್ ಕಳಿಸಿದರು. ಪ್ಯಾನ್ ನನ್ನದೇ, ಜೆರಾಕ್ಸ್ ಪ್ರತಿ. ಮೂಲೆಯಲ್ಲಿ ಪಿನ್ ಕಿತ್ತ ಎರಡು ತೂತು ಕೂಡ ಕಾಣುತ್ತಿತ್ತು. ಸೆಲ್ಫಿ ಮಾತ್ರ ಯಾವನೋ ಹುಡುಗನದು, ಹಿಂದೆ ನೀಲಿ ಬಾಗಿಲು. ಪಿಜಿಗೆ ಸೇರುವಾಗ ಕೊಟ್ಟ ಪ್ರತಿಯೋ, ಸಿಮ್‌ಗೆ ಕೊಟ್ಟದ್ದೋ, ಇವತ್ತಿಗೂ ಗೊತ್ತಾಗಿಲ್ಲ. ಈಗ ಯಾರಿಗೆ ಜೆರಾಕ್ಸ್ ಕೊಟ್ಟರೂ ಅಡ್ಡಡ್ಡ ಗೀಟು ಎಳೆದು, ಯಾವ ಕೆಲಸಕ್ಕೆ ಅಂತ ಬರೆದು, ತಾರೀಖು ಹಾಕಿ ಕೊಡುತ್ತೇನೆ. ಅಂಗಡಿಯವರು ನಗುತ್ತಾರೆ, ನಗಲಿ.

ಡಿಲೀಟ್ ಆಗೋಕೆ 52 ದಿನ ಹಿಡಿಯಿತು. ತಡ ಮಾಡಿದ್ದಕ್ಕೆ ನನ್ನ ಖಾತೆಗೆ 2,200 ರೂಪಾಯಿ ಬಂತು. ಕಳೆದುಕೊಂಡ 4,000ದಲ್ಲಿ ಅಷ್ಟಾದರೂ ವಾಪಸ್ ಅಂದುಕೊಂಡೆ.

ಶಿವಮೊಗ್ಗದಿಂದ, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು

ತುಮಕೂರಿನವರು ಹೇಳಿದ ಆ 2,200ರ ಲೆಕ್ಕ ಹೀಗೆ. ದೂರು ಕೊಟ್ಟ 30 ದಿನದೊಳಗೆ ಬಗೆಹರಿಸಬೇಕು. ಅದರಲ್ಲಿ ಸಾಲ ಕೊಟ್ಟವರಿಗೆ 21 ದಿನ, ಉಳಿದದ್ದು ಸಿಬಿಲ್‌ನಂಥ ಸಂಸ್ಥೆಗೆ. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. 2024ರ ಏಪ್ರಿಲ್ 26ರಿಂದ ಇದು ಜಾರಿಯಲ್ಲಿದೆ. ದೂರಿನಲ್ಲೇ ನಿಮ್ಮ ಖಾತೆ ನಂಬರ್ ಬರೆದಿಡಿ.

ಜನ ಸಿಬಿಲ್‌ನವರನ್ನೇ ಬೈಯುತ್ತಾರೆ. ಆದರೆ ಸಾಲ ಕೊಟ್ಟವರು ಹೂಂ ಅನ್ನದೆ ಅವರು ತಾವಾಗಿ ಏನನ್ನೂ ಅಳಿಸುವಂತಿಲ್ಲ. ಅದಕ್ಕೆ ಎರಡೂ ಕಡೆ ಒಂದೇ ದಿನ ದೂರು ಹಾಕಿ. ಇನ್ನೊಂದು, ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಕೂಡ ಇವೆ. ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತೆ. ಒಂದು ಕಡೆ ಅಳಿಸಿ ಇನ್ನೊಂದು ಕಡೆ ಬಿಟ್ಟರೆ, ಮುಂದಿನ ಬ್ಯಾಂಕ್ ಆ ಬಿಟ್ಟ ರಿಪೋರ್ಟನ್ನೇ ತೆಗೆಯುತ್ತೆ. ಹಾಗಾದದ್ದನ್ನು ನನ್ನ ಟೇಬಲ್ ಮೇಲೇ ನೋಡಿದ್ದೇನೆ.

30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಗ್ರಾಹಕರ ದೂರು ಬಗೆಹರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಿ. ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448. ಸಿಬಿಲ್‌ನಂಥ ಸಂಸ್ಥೆಗಳ ಮೇಲಿನ ದೂರನ್ನೂ 2022ರ ಸೆಪ್ಟೆಂಬರ್‌ನಿಂದ ಅಲ್ಲಿ ತಗೊಳ್ಳುತ್ತಾರೆ.

ಅಲ್ಲಿಯವರೆಗೆ ಇನ್ನೊಂದು ಬ್ಯಾಂಕಿನಲ್ಲಿ ಸಿಗುತ್ತೇನೋ ಅಂತ ಸುಮ್ನೆ ಅರ್ಜಿ ಹಾಕುತ್ತಾ ಹೋಗಬೇಡಿ. ಹಾಕಿದ ಪ್ರತಿ ಅರ್ಜಿಯೂ ರಿಪೋರ್ಟ್‌ನಲ್ಲಿ ಕಾಣುತ್ತೆ. ಕಳ್ಳ ಹಾಕಿದ ಅರ್ಜಿಗಳೂ ಅಲ್ಲೇ ಇರುತ್ತವೆ, ಅವನ್ನೂ ದೂರಿಗೆ ಸೇರಿಸಿ.

ದಾವಣಗೆರೆಯಿಂದ

'ಸಿಬಿಲ್ ರಿಪೇರಿ' ಅಂತ ಬೋರ್ಡ್ ಹಾಕಿಕೊಂಡವನಿಗೆ ನಾನು 7,000 ಕೊಟ್ಟೆ. ಅವನು ಮೊದಲು ಕೇಳಿದ್ದೇನು ಗೊತ್ತಾ? ಪ್ಯಾನ್, ಆಧಾರ್, ಆಮೇಲೆ ಓಟಿಪಿ! ಪ್ಯಾನ್ ಕಳುವಾಗಿ ಅತ್ತವನು ಮತ್ತೆ ಅದನ್ನೇ ಕೈಯಾರೆ ಕೊಟ್ಟು ಬಂದೆ. ಕೆಲಸವೂ ಆಗಲಿಲ್ಲ. ಆಮೇಲೆ ಅದೇ ದೂರನ್ನು ಸಿಬಿಲ್‌ನ ವೆಬ್‌ಸೈಟಿನಲ್ಲಿ ನಾನೇ ಹಾಕಿದೆ, ಖರ್ಚು ಸೊನ್ನೆ. ಮನೆಯಲ್ಲಿ ಈ 7,000ದ ವಿಷಯ ಇನ್ನೂ ಹೇಳಿಲ್ಲ.

ಕೇಳಿದವರು, ಹುಬ್ಬಳ್ಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕ ಸಾಲ ಕಟ್ಟಲು ಅಪ್ಪ ದುಡ್ಡು ತೆಗೆದಿಟ್ಟಿದ್ದರು, ವಾಪಸ್ ಇಡಿಸಿದೆ. ಇನ್ನೊಂದು ಡೌಟು. ರಿಪೋರ್ಟ್‌ನಲ್ಲಿ ನನ್ನ ಹೆಸರಿನ ಕೆಳಗೆ ಮೂರು ಮೊಬೈಲ್ ನಂಬರ್ ಇವೆ. ಒಂದು ನಂದಲ್ಲ. ಒಂದು ಈಮೇಲೂ ನಂದಲ್ಲ. ಇದನ್ನು ಹಾಗೇ ಬಿಟ್ಟರೆ ನಡೆಯುತ್ತಾ?

ತುಮಕೂರಿನಿಂದ

ಬಿಡಲೇಬೇಡಿ ಸರ್. ಯಾರಾದರೂ ನಿಮ್ಮ ರಿಪೋರ್ಟ್ ತೆಗೆದರೆ ಈಗ ಎಸ್ಸೆಮ್ಮೆಸ್ಸೋ ಈಮೇಲೋ ಬರಬೇಕು ಅಂತ ನಿಯಮ ಇದೆ. ಅದು ಕಳ್ಳನ ಮೊಬೈಲ್‌ಗೆ ಹೋದರೆ ನಿಮಗೇನು ಗೊತ್ತಾಗುತ್ತೆ? ಸಾಲದ ದೂರಿನ ಜೊತೆ ಇದನ್ನೂ ಹಾಕಿ. ಹಾಗೇ ಕೇಂದ್ರ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ಗೆ ಹೋಗಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಒಮ್ಮೆ ನೋಡಿ. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿಬಿಡಿ, ಎರಡು ನಿಮಿಷದ ಕೆಲಸ.

ಕೇಳಿದವರು, ಹುಬ್ಬಳ್ಳಿ

ಈಗಷ್ಟೇ ನೋಡಿದೆ. ನನ್ನ ಹತ್ತಿರ ಇರೋದು ಎರಡು ಸಿಮ್, ಅಲ್ಲಿ ಮೂರು ತೋರಿಸುತ್ತಿದೆ. ಮೂರನೆಯದರ ಕೊನೆಯ ಅಂಕೆಗಳು ರಿಪೋರ್ಟ್‌ನಲ್ಲಿರುವ ಆ ನಂಬರಿನದೇ. 'ನನ್ನ ನಂಬರ್ ಅಲ್ಲ' ಅಂತ ಒತ್ತಿದೆ, ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಅದನ್ನೇ ಹಿಡಿದುಕೊಂಡು ಸಿಇಎನ್ ಠಾಣೆಗೆ ಹೋಗುತ್ತೇನೆ. ಬೈಕ್ ಸದ್ಯಕ್ಕೆ ಬೇಡ, ಅಪ್ಪನ ಎಕ್ಸೆಲ್ ಇದೆ.